ತಂಗಿಯ ದಣಿವು, ನನ್ನ ಗುಳಿಗೆ

ನನ್ನ ತಂಗಿಯ ಕಾಯಿಲೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಕೇಳಿದವರು ನಕ್ಕಾರು. ಒಡವೆಯ ಮೇಲೆ, ಸೀರೆಯ ಮೇಲೆ, ಮಂದಿಯ ಮನೆಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇವೆ, ಕಾಯಿಲೆಯ ಮೇಲೆ ಎಂಥ ಹೊಟ್ಟೆಕಿಚ್ಚು ತಾಯಿ ಎಂದಾರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನನಗೀಗ ಐವತ್ತನಾಲ್ಕು. ಅದರಲ್ಲಿ ನಲವತ್ತೈದು ವರ್ಷವಾದರೂ ಆಕೆಯ ದಣಿವನ್ನು ನೋಡಿ ಉರಿದುಕೊಂಡಿದ್ದೇನೆ. ಆ ದಣಿವಿನ ದೆಸೆಯಿಂದಲೇ ಅವ್ವ ಪೂರ್ತಿ ಆಕೆಯವಳಾಗಿಬಿಟ್ಟಳು. ನನಗೆ ಬೇಕಾಗಿದ್ದುದು ಅವ್ವ, ಬೇರೇನಲ್ಲ.

ನಾವು ಆಂಧ್ರದ ಗಡಿಯ ಪೆದ್ದಹರಿವಾಣದವರು. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಕೂಲಿಗೆ ಹೋಗಿ ನಮ್ಮಿಬ್ಬರನ್ನು ಸಾಕಿದಳು. ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿ ನಾವೂ ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಮ್ಮ ಗುಂಪಿನಲ್ಲಿ ಒಂದು ರೀತಿ ಇತ್ತು: ಎಲ್ಲರ ಸಾಲೂ ಮುಗಿಯುವವರೆಗೆ ಯಾರೂ ರೊಟ್ಟಿ ಗಂಟು ಬಿಚ್ಚುವಂತಿಲ್ಲ. ತನ್ನ ಸಾಲು ಮುಗಿಸಿದವಳು ಸುಮ್ಮನೆ ನಿಲ್ಲುವಂತಿಲ್ಲ. ತನ್ನ ಮನೆಯವಳು ಹಿಂದೆ ಬಿದ್ದಿದ್ದರೆ ಆಕೆಯ ಸಾಲಿಗೆ ಎದುರಿನಿಂದ ಇಳಿದು ಬಿಡಿಸುತ್ತಾ ಬರಬೇಕು.

ಹಿಂದೆ ಬೀಳುವವಳು ಯಾವಾಗಲೂ ನನ್ನ ತಂಗಿಯೇ. ಸಾಲಿನ ಕಾಲುಭಾಗಕ್ಕೆ ಬಂದು ಗಿಡದ ಬುಡದಲ್ಲಿ ಕೂತುಬಿಡುತ್ತಿದ್ದಳು. ಜ್ವರವಿಲ್ಲ, ಕೆಮ್ಮಿಲ್ಲ, ಗಾಯವಿಲ್ಲ. "ಯಾಕ ಕುಂತಿ?" ಎಂದರೆ, "ಕೈ ಏಳವಲ್ದು ಅಕ್ಕ" ಎನ್ನುವಳು. ನಾನು ಹಲ್ಲು ಕಡಿಯುತ್ತಾ ಎದುರಿನಿಂದ ಇಳಿದು ಮುಕ್ಕಾಲು ಸಾಲು ಬಿಡಿಸುತ್ತಿದ್ದೆ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ತೂಕಕ್ಕೆ ಹಾಕುವ ಮುಂಚೆ ಅವ್ವ ಯಾರಿಗೂ ಕಾಣದಂತೆ ನನ್ನ ಉಡಿಯಿಂದ ನಾಲ್ಕು ಹಿಡಿ ಹತ್ತಿ ತೆಗೆದು ಆಕೆಯ ಉಡಿಗೆ ತುಂಬುತ್ತಿದ್ದಳು. ಹೊಲದವನು ಆಕೆಯನ್ನು ಬೈಯಬಾರದಲ್ಲ, ಅದಕ್ಕೆ.

"ಅದು ನಾ ಬಿಡಿಸಿದ್ದವ್ವ" ಎಂದು ಒಮ್ಮೆ ಕೂಗಿಯೇಬಿಟ್ಟೆ.

"ಬಾಯಿ ಮುಚ್ಚು. ನಿನಗ ದೇವರು ಎತ್ತಿನ ಮೈ ಕೊಟ್ಟಾನ. ಆಕಿಗೆ ಏನು ಕೊಟ್ಟಾನ?" ಎಂದು ಅವ್ವ ಗದರಿದಳು.

ಎತ್ತಿನ ಮೈ! ಒಂಬತ್ತು ವರ್ಷದ ಹುಡುಗಿಗೆ ಹೇಳುವ ಮಾತೇ ಅದು? ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ರಾತ್ರಿ ಅವ್ವ ಆಕೆಯ ಕಾಲು ಒತ್ತುತ್ತಿದ್ದಳು, ನನ್ನ ಕಾಲು ಒತ್ತುವವರಿಲ್ಲ. ಒಂದು ಸಲ ನಾನೂ ಗಿಡದ ಬುಡದಲ್ಲಿ ಕೂತು, ಕೈ ಏಳುವುದಿಲ್ಲ ಎಂದು ನಾಟಕ ಮಾಡಿದೆ. ಅವ್ವ ಬಂದು ಬೆನ್ನಿಗೆ ಒಂದು ಗುದ್ದು ಹಾಕಿ ಎಬ್ಬಿಸಿದಳು.

ಎತ್ತಿನ ಮೈ ಇದ್ದುದರಿಂದ ದುಡಿದೆ, ಓದಿದೆ. ಆದೋನಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದಿ ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಆಂಧ್ರದಲ್ಲಿ ಕನ್ನಡ ಶಾಲೆಯೇ ಎಂದು ದೂರದವರು ಕೇಳುತ್ತಾರೆ. ನಮ್ಮ ಕಡೆ ಅದೇನೂ ವಿಶೇಷವಲ್ಲ, ಪಾಠ ಕನ್ನಡದಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ, ಜಗಳ ಎರಡರಲ್ಲೂ. ತಂಗಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ಗೋನೆಗಂಡ್ಲದ ಕಡೆ ಕುರಿ ಕಾಯುವ ಮನೆತನಕ್ಕೆ ಆಕೆಯನ್ನು ಕೊಟ್ಟರು. ಗಂಡ ಒಳ್ಳೆಯವನು, ಕುರಿಯ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುವವನು. ಮನೆಯಲ್ಲಿ ಆಕೆ ಒಬ್ಬಳೇ ಎಂಬ ನೆಪ ಸಿಕ್ಕಿದ್ದೇ ತಡ, ಅವ್ವ ತನ್ನ ಟ್ರಂಕು ಹೊತ್ತುಕೊಂಡು ಅಲ್ಲಿಗೇ ಹೋದಳು. ನನ್ನ ಗಂಡ ತೀರಿಕೊಂಡು ನಾನೂ ಆದೋನಿಯಲ್ಲಿ ಒಬ್ಬಳೇ ಆದಾಗ, "ಬಾ ಅವ್ವ" ಎಂದು ಕರೆದೆ. ಬಂದಳು. ಹದಿನೈದು ದಿನ ಇದ್ದು, "ಸಣ್ಣಾಕಿ ಏನ್ ಮಾಡಾಕತ್ತಾಳೋ" ಎಂದು ದಿನಾ ಗೊಣಗಿ, ವಾಪಸು ಹೋದಳು. ನನಗೆ ಮಕ್ಕಳಿಲ್ಲ. ನನ್ನ ಮನೆಯ ಗೋಡೆಗಳಿಗೂ ಆ ಗೊಣಗು ಕೇಳಿ ಸಾಕಾಗಿತ್ತು.

ಶಾಲೆಯಲ್ಲಿ ಪ್ರತಿ ವರ್ಷ ಜೀವಕೋಶದ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಮೈಟೊಕಾಂಡ್ರಿಯದ ಚಿತ್ರ ಬರೆಯುವುದು ನನ್ನ ಹೆಮ್ಮೆ. ಸುಲಿಯದ ಸೇಂಗಾ ಕಾಯಿಯ ಹಾಗೆ ಹೊರಗೆರೆ, ಒಳಗೆ ಮಡಿಕೆ ಮಡಿಕೆ. "ಇದು ಜೀವಕೋಶದ ಶಕ್ತಿಕೇಂದ್ರ. ನೀವು ಉಂಡ ರೊಟ್ಟಿ, ಎಳೆದುಕೊಂಡ ಉಸಿರು ಎರಡೂ ಕೊನೆಗೆ ಇಲ್ಲಿಗೇ ಬರಬೇಕು. ಇಲ್ಲೇ ಅದು ಶಕ್ತಿಯಾಗುತ್ತದೆ. ಇದು ನಮಗೆ ತಾಯಿಯಿಂದ ಮಾತ್ರ ಬರುತ್ತದೆ, ತಂದೆಯಿಂದ ಬರುವುದಿಲ್ಲ" ಎಂದು ಹೇಳುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅದು ಕೆಟ್ಟರ ಏನಾಕ್ಕೈತಿ?" ಎಂದು ಕೇಳಿದಳು. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದಿದ್ದೆ. ಅದು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನ ತಂಗಿಯೇ ಉದಾಹರಣೆಯಾಗಿ ಗೋನೆಗಂಡ್ಲದಲ್ಲಿ ಕೂತಿದ್ದಳು. ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳಿಗೆ ತನ್ನ ಮನೆಯದೇ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ.

ಎರಡು ವರ್ಷದ ಹಿಂದೆ ನನ್ನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕರ್ನೂಲಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆ. ಕ್ಯಾನ್ಸರ್. ಆಪರೇಶನ್ ಆಯಿತು, ಆಮೇಲೆ ಕೀಮೋ. ಆಗ ನನಗೆ ಭಯ ಎಷ್ಟಿತ್ತೋ ಅಷ್ಟೇ ಇನ್ನೊಂದೂ ಇತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೊಳಗೇ ಖುಷಿ ಇತ್ತು. ಅವ್ವ ಬಂದಳು. ಎಪ್ಪತ್ತು ದಾಟಿದವಳು, ಸಕ್ಕರೆ ಕಾಯಿಲೆಯವಳು, ಕಿವಿ ಕೇಳದವಳು, ಟ್ರಂಕು ಸಮೇತ ಬಂದಳು. ಜೋಳದ ಗಂಜಿ ಕಾಯಿಸಿ ಕುಡಿಸಿದಳು. ಕೂದಲು ಉದುರಿದ ನನ್ನ ತಲೆಗೆ ಎಣ್ಣೆ ಹಚ್ಚಿದಳು. ನನ್ನ ಕಾಲು ಒತ್ತಿದಳು! ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಕಾಲಿಗೆ ಅವ್ವನ ಕೈ ಬಂತು. ಈ ಒಂದು ವಿಷಯದಲ್ಲಿ ಗೆದ್ದೆ ಎಂದುಕೊಂಡೆ.

ಕೀಮೋ ಹಾಕಿದ ಮೂರನೆಯ ದಿನ ಒಂದು ಬಗೆಯ ದಣಿವು ಬರುತ್ತಿತ್ತು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು. ನೀರಿನ ತಂಬಿಗೆ ಎತ್ತಲಾಗದೆ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. "ಅವ್ವ, ಕೈ ಏಳವಲ್ದು" ಎಂದೆ. ಅಂದವಳೇ ಬೆಚ್ಚಿದೆ. ಈ ಮಾತನ್ನು ನಾನು ಎಲ್ಲಿ ಕೇಳಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದೇ ಏನು ಆಕೆಯ ಮೈಯಲ್ಲಿ ದಿನಾ ಇದ್ದದ್ದು? ಆ ವಿಚಾರ ಬಂದ ಕೂಡಲೇ ಅದನ್ನು ಒದ್ದು ಓಡಿಸಿದೆ. ನನ್ನದು ಕ್ಯಾನ್ಸರಿನ ದಣಿವು, ಆಕೆಯದು ಸೋಮಾರಿತನ ಎಂದುಕೊಂಡೆ. ಹಾಗೆ ಅಂದುಕೊಳ್ಳದಿದ್ದರೆ ನಲವತ್ತೈದು ವರ್ಷದ ಸಿಟ್ಟನ್ನು ನಾನು ಎಲ್ಲಿ ಇಡಲಿ?

ನನ್ನ ಗೆಲುವು ಐದು ವಾರ ನಡೆಯಿತು. ಆರನೆಯ ವಾರ ತಂಗಿಯ ಗಂಡನ ಫೋನು ಬಂತು. ತಂಗಿ ಬಾವಿಯ ದಾರಿಯಲ್ಲಿ ಬಿದ್ದಳಂತೆ. ಕಣ್ಣಿನ ರೆಪ್ಪೆ ಜೋತುಬಿದ್ದಿವೆಯಂತೆ, ತಲೆ ಮೇಲೆತ್ತಿ ನೋಡಿದರೆ ಮಾತ್ರ ಎದುರಿಗಿನವರು ಕಾಣುತ್ತಾರಂತೆ. ಆಕೆಗೂ ಸಕ್ಕರೆ ಕಾಯಿಲೆ ಬಂದು ಎರಡು ಮೂರು ವರ್ಷವಾಗಿತ್ತು, ಈಗ ಏರಿದೆಯಂತೆ. ಅವ್ವನಿಗೆ ನಾನು ಕಿವಿಯ ಹತ್ತಿರ ಕೂಗಿ ಹೇಳುವ ಮೊದಲೇ ಆಕೆ ನನ್ನ ಮುಖ ನೋಡಿ ಸೀರೆ ಮಡಚತೊಡಗಿದ್ದಳು.

"ನನಗ ಇನ್ನೂ ಎರಡು ಕೀಮೋ ಐತಿ ಅವ್ವ" ಎಂದೆ.

"ನಿನಗ ಡಾಕ್ಟ್ರು ಅದಾರ. ಆಕಿಗೆ ಯಾರದಾರ?" ಎಂದಳು.

ಕ್ಯಾನ್ಸರ್ ಬಂದರೂ ಗೆಲ್ಲಲಾಗಲಿಲ್ಲ ನೋಡಿ! ಇನ್ನೇನು ಬರಬೇಕಿತ್ತು ನನಗೆ? ಬಸ್‌ಸ್ಟ್ಯಾಂಡಿನ ತನಕ ಆಟೋದಲ್ಲಿ ಕಳಿಸಿ, ಬಾಗಿಲು ಹಾಕಿಕೊಂಡು, ಬೋಳು ತಲೆಯನ್ನು ಗೋಡೆಗೆ ಆನಿಸಿ ಅತ್ತೆ.

ನನಗೂ ಸಕ್ಕರೆ ಇದೆ, ಎಲ್ಲರಿಗೂ ಬರುವಂಥದ್ದು. ಅದಕ್ಕೆ ಮೊದಲಿನಿಂದ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿದ್ದೆ. ಕೀಮೋ ಮುಗಿದು ಮನೆಯಲ್ಲಿ ಕೂತಾಗ ಫೋನಿನಲ್ಲಿ ಓದುವುದೇ ಕೆಲಸವಾಯಿತು. ಓದುತ್ತಾ ಓದುತ್ತಾ ಎದ್ದು ಕೂತೆ. ಕ್ಯಾನ್ಸರಿನ ಕೋಶಕ್ಕೂ ಬೆಳೆಯಲು ಶಕ್ತಿ ಬೇಕು, ಅದರ ಮೈಟೊಕಾಂಡ್ರಿಯಾಗಳು ಹದಗೆಟ್ಟ ರೀತಿಯಲ್ಲಿ ದುಡಿಯುತ್ತವೆ, ಆ ಶಕ್ತಿಕೇಂದ್ರಕ್ಕೇ ಕೈ ಹಾಕಿದರೆ ಕ್ಯಾನ್ಸರನ್ನು ಹಸಿವಿನಿಂದ ಸೊರಗಿಸಬಹುದೇ ಎಂದು ವಿಜ್ಞಾನಿಗಳು ನೋಡುತ್ತಿದ್ದಾರೆ. ಹಾಗೆ ನೋಡುತ್ತಿರುವ ಔಷಧಿಗಳಲ್ಲಿ ನನ್ನ ಡಬ್ಬಿಯಲ್ಲಿದ್ದ ಹಳೆಯ ಗುಳಿಗೆಯೂ ಒಂದು! ಅದು ಮೈಟೊಕಾಂಡ್ರಿಯದ ಕೆಲಸವನ್ನು ಸ್ವಲ್ಪ ಅದುಮಿ ಹಿಡಿಯುತ್ತದಂತೆ.

ಕ್ಯಾನ್ಸರಿನ ಡಾಕ್ಟರಮ್ಮನನ್ನು ಕೇಳಿದೆ. ಆಕೆ ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. "ಟೀಚರಮ್ಮಾ, ಅದು ಇನ್ನೂ ಸಂಶೋಧನೆ. ಕೆಲವು ಕಡೆ ಆಸೆ ಹುಟ್ಟಿಸಿದೆ, ಕೆಲವು ಕಡೆ ಏನೂ ಆಗಿಲ್ಲ. ನೀವು ಸಕ್ಕರೆಗೆ ಅಂತ ತೆಗೆದುಕೊಳ್ಳಿ, ಕ್ಯಾನ್ಸರಿಗೆ ಅಂತಲ್ಲ. ಮನೆಯಲ್ಲಿ ಯಾರಿಗೂ ಔಷಧಿ ಅಂತ ಹೇಳಿಕೊಂಡು ತಿರುಗಬೇಡಿ." ಟೀಚರ್ ಎಂದಮೇಲೆ ಅರ್ಧ ಕೇಳಿ ಪೂರ್ತಿ ಪಾಠ ಮಾಡುವ ಚಟ. ನನಗೆ ಆಸೆಯ ಭಾಗ ಮಾತ್ರ ಕೇಳಿಸಿತು. ಆವತ್ತಿನಿಂದ ಆ ಬಿಳಿ ಗುಳಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನುಂಗತೊಡಗಿದೆ. ಫೋನಿನಲ್ಲಿ ತಂಗಿಗೆ ಹೇಳಿ ಅವ್ವನಿಗೂ ಮುಟ್ಟಿಸಿದೆ.

ಮುಂದಿನ ತಿಂಗಳು ತಂಗಿಯನ್ನು ನೋಡಲು ಗೋನೆಗಂಡ್ಲಕ್ಕೆ ಹೋದೆ. ನೋಡಲು ಎಂದರೆ ಸುಳ್ಳು, ಅವ್ವ ಆಕೆಗೆ ಏನೇನು ಮಾಡುತ್ತಿದ್ದಾಳೆ ಎಂದು ಲೆಕ್ಕ ಹಾಕಲು ಹೋದೆ. ಆಕೆ ಕಟ್ಟೆಯ ಮೇಲೆ ಗೋಡೆಗೆ ಒರಗಿ, ತಲೆ ಹಿಂದಕ್ಕೆ ಮಾಡಿ, ಅರ್ಧ ಮುಚ್ಚಿದ ಕಣ್ಣಿನಿಂದ ನನ್ನನ್ನು ನೋಡಿ ನಕ್ಕಳು. "ಅಕ್ಕ, ಕೂದಲು ಬರಾಕತ್ತಾವಲ್ಲ, ಚಂದ ಕಾಣ್ತಿ" ಎಂದಳು. ಆಕೆಗೆ ಹೊಟ್ಟೆಕಿಚ್ಚು ಎನ್ನುವುದು ಗೊತ್ತೇ ಇಲ್ಲ, ಅದೂ ನನಗೊಂದು ಉರಿ.

ಊರಿನ ಡಾಕ್ಟರು ಆಕೆಗೆ ಒಂದು ಚೀಟಿ ಬರೆದುಕೊಟ್ಟಿದ್ದರು, ಕರ್ನೂಲಿಗೆ ಹೋಗಿ ನರದ ಡಾಕ್ಟರಿಗೆ ತೋರಿಸಬೇಕೆಂದು. ಅವ್ವ ಆ ಚೀಟಿಯನ್ನು ದೇವರ ಗೂಡಿನಿಂದ ತೆಗೆದು ನನಗೆ ಕೊಟ್ಟಳು. "ದೊಡ್ಡ ಬ್ಯಾನಿ ಇರಬೌದು ಅಂತಾರ. ನೀ ಓದಿದಾಕಿ, ನೋಡವ್ವ" ಎಂದಳು. ದೊಡ್ಡ ಬೇನೆ! ನನ್ನ ಹೊಟ್ಟೆಗೆ ಯಾರೋ ಬೆಂಕಿ ಇಟ್ಟಂತಾಯಿತು. ದೊಡ್ಡ ಬೇನೆ ನನ್ನದು. ಎದೆ ಕೊಯ್ಸಿಕೊಂಡವಳು ನಾನು. ಈಗ ಅದರಲ್ಲೂ ಆಕೆಯೇ ದೊಡ್ಡವಳಾಗಬೇಕೇ?

"ಏನೂ ದೊಡ್ಡ ಬ್ಯಾನಿ ಇಲ್ಲ. ಆಕಿಗೆ ಸಕ್ಕರಿ ಏರೈತಿ, ಅದಕ್ಕ ಸುಸ್ತು. ನನಗೂ ಐತಿ ಸಕ್ಕರಿ. ನಾ ಎದ್ದು ಅಡ್ಡಾಡಾಕತ್ತಿಲ್ಲೇನು?" ಎಂದು ಅವ್ವನ ಕಿವಿಯಲ್ಲಿ ಕೂಗಿದೆ. ಕೂಗಿ, ಚೀಲದಿಂದ ನನ್ನ ಸ್ಟೀಲ್ ಡಬ್ಬಿ ತೆಗೆದೆ.

ನಮ್ಮ ಮನೆಗಳಲ್ಲಿ ಗುಳಿಗೆಯ ಡಬ್ಬಿ ಎಂದರೆ ಎಲೆಅಡಿಕೆಯ ತಟ್ಟೆಯ ಹಾಗೆ, ಬಂದವರ ಮುಂದೆ ಬರುತ್ತದೆ. ತಲೆನೋವು ಎಂದವರಿಗೆ ಒಂದು, ಮಂಡಿನೋವು ಎಂದವರಿಗೆ ಎರಡು, ಹಾಳೆಯಿಂದ ಕತ್ತರಿಸಿ ಕೈಗೆ ಹಾಕುತ್ತೇವೆ. ಕೊಡದಿದ್ದರೆ ಜಿಪುಣರು ಎನ್ನಿಸಿಕೊಳ್ಳುತ್ತೇವೆ. ಅವ್ವ ಡಬ್ಬಿಯನ್ನು ನೋಡಿ, "ನಿನಗ ಕ್ಯಾನ್ಸರಿಗೂ ಒಳ್ಳೇದು ಅಂತಿದ್ದೆಲ್ಲ, ಅದಾ? ತಂಗಿಗೂ ನಾಕು ಕೊಡವ್ವ" ಎಂದಳು. ಒಂದು ಗಳಿಗೆ ಕೊಡಲು ಮನಸ್ಸಾಗಲಿಲ್ಲ. ನನ್ನ ಗುಳಿಗೆಯಲ್ಲೂ ಆಕೆಗೆ ಪಾಲೇ ಎನ್ನಿಸಿತು. ಮರುಗಳಿಗೆ ಬೇರೆ ಬುದ್ಧಿ ಬಂತು. ನನ್ನ ಗುಳಿಗೆಯಿಂದ ಆಕೆ ಎದ್ದರೆ, ಆಕೆಯದು ನನ್ನದೇ ಸಾಮಾನ್ಯ ಕಾಯಿಲೆ ಎಂದು ಸಾಬೀತಾಗುತ್ತದೆ. ನಲವತ್ತೈದು ವರ್ಷದ ದಣಿವಿನ ನಾಟಕ ಒಂದು ಹಾಳೆ ಗುಳಿಗೆಯಿಂದ ಬಯಲಾಗುತ್ತದೆ. ಮೇಲಾಗಿ ಅವ್ವ, ದೊಡ್ಡಾಕಿ ಉಳಿಸಿದಳು ಎನ್ನುತ್ತಾಳೆ.

ನಾಲ್ಕಲ್ಲ, ಮೂರು ಹಾಳೆ ಪೂರ್ತಿ ಕೊಟ್ಟೆ. "ದಿನಾ ಎರಡು ಹೊತ್ತು ನುಂಗು. ಕರ್ನೂಲಿಗೆ ಈಗ ಬ್ಯಾಡ, ಸುಮ್ಮನ ಓಡಾಟ" ಎಂದೆ. "ನೀ ಹೇಳಿದ ಮ್ಯಾಲ ಮುಗೀತು ಅಕ್ಕ" ಎಂದು ತಂಗಿ ತಲೆ ಆಡಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಎಷ್ಟು ಸಲ ಮಕ್ಕಳಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ.

ಮೂರನೆಯ ವಾರ ಆಕೆಗೆ ಜ್ವರ ಬಂತು. ಎರಡು ದಿನ ಊಟ ಸೇರಲಿಲ್ಲ. ನಾನು ಹೇಳಿದ್ದೆನೆಂದು ಗುಳಿಗೆ ಮಾತ್ರ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ವಾಂತಿ, ಹೊಟ್ಟೆನೋವು. ಉಸಿರು ಹೇಗೆ ಎಳೆಯುತ್ತಿದ್ದಳೆಂದರೆ, ಮೈಲಿಗಟ್ಟಲೆ ಓಡಿ ಬಂದವಳ ಹಾಗೆ. ಆಕೆಯ ಗಂಡ ಆಂಬುಲೆನ್ಸ್ ಕರೆಸಿ ಕರ್ನೂಲಿಗೆ ಒಯ್ದ. ನಾನು ಆದೋನಿಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ ಆಕೆಯನ್ನು ಒಳಗೆ ಮಲಗಿಸಿ ಆಕ್ಸಿಜನ್ ಹಾಕಿದ್ದರು. ಅವ್ವ ಹೊರಗೆ ಬೆಂಚಿನ ಮೇಲೆ, ಕೈಯಲ್ಲಿ ಆಕೆಯ ಚಪ್ಪಲಿ ಹಿಡಿದುಕೊಂಡು ಕೂತಿದ್ದಳು.

ನರದ ಡಾಕ್ಟರು ಸಣ್ಣ ವಯಸ್ಸಿನವರು, ಬಳ್ಳಾರಿಯ ಕಡೆಯ ಹೆಂಡತಿಯಿಂದ ಸ್ವಲ್ಪ ಕನ್ನಡ ಕಲಿತವರು. ಆಕೆಯ ರಕ್ತದಲ್ಲಿ ಹುಳಿ, ಅಂದರೆ ಆಮ್ಲ, ಏರಿದೆ ಎಂದರು. ಆಕೆಯ ರೆಪ್ಪೆ ಎತ್ತಿ ನೋಡಿದರು. ಕಿವಿ ಮಂದವಾಗಿದೆಯೇ ಎಂದು ಕೇಳಿದರು. ಮಂದವಾಗುತ್ತಿತ್ತು, ನಾವು ಲಕ್ಷ್ಯ ಕೊಟ್ಟಿರಲಿಲ್ಲ. ಆಮೇಲೆ ತಿರುಗಿ ಅವ್ವನನ್ನು ನೋಡಿದರು. ಕಿವಿ ಕೇಳದ, ಸಕ್ಕರೆ ಕಾಯಿಲೆಯ, ಕಡ್ಡಿಯಂಥ ಮುದುಕಿ. ಅವರ ಮುಖದಲ್ಲಿ ಏನೋ ಹೊಳೆಯಿತು. "ಈ ಅಜ್ಜಿಯ ತಾಯಿಗೂ ಹೀಗೇ ಇತ್ತೇ?" ಎಂದರು. ಇತ್ತು. ನಮ್ಮ ಅಜ್ಜಿಗೂ ಕೊನೆಗೆ ಕಿವಿ ಕೇಳುತ್ತಿರಲಿಲ್ಲ, ಆಕೆಯೂ ಗಿಡದ ಬುಡದಲ್ಲಿ ಕೂರುವವಳೇ ಎಂದು ಅವ್ವನೇ ಹೇಳುತ್ತಿದ್ದಳು.

"ಮೈಟೊಕಾಂಡ್ರಿಯದ ಕಾಯಿಲೆ ಇರಬೇಕು. ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಪರೀಕ್ಷೆಗೆ ಕಳಿಸೋಣ" ಎಂದರು ಡಾಕ್ಟರು. ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದ ಹೆಸರು ಅದು.

ಕಲಿಯುತ್ತಿದ್ದ ಹತ್ತು ಹನ್ನೆರಡು ಜನ ಎಳೆಯ ಡಾಕ್ಟರುಗಳು ಬಂದು ಆಕೆಯ ಮಂಚದ ಸುತ್ತ ನಿಂತರು. ಇಂಥ ಕಾಯಿಲೆ ನೋಡಲು ಸಿಗುವುದು ಅಪರೂಪವಂತೆ. ಒಬ್ಬೊಬ್ಬರೂ ಆಕೆಯನ್ನು "ಅಮ್ಮಾ" ಎಂದು ಮಾತಾಡಿಸಿ, ಕಣ್ಣು ನೋಡಿ, ಬರೆದುಕೊಂಡರು. ಆಕೆ ಸಾಯುವ ಬದುಕುವ ನಡುವೆ ಇದ್ದಾಳೆ, ನನ್ನ ಗುಳಿಗೆ ಆಕೆಯ ಹೊಟ್ಟೆಯಲ್ಲಿದೆ, ಆದರೂ ನನಗೆ ಬಂದ ವಿಚಾರ ಏನು ಗೊತ್ತೇ? ನನ್ನ ಕ್ಯಾನ್ಸರ್ ನೋಡಲು ಒಬ್ಬನೂ ಬಂದಿರಲಿಲ್ಲ. ನನ್ನಂಥವರು ಆ ಆಸ್ಪತ್ರೆಯಲ್ಲಿ ಸಾಲುಗಟ್ಟಿ ಕೂತಿರುತ್ತಾರೆ. ಥೂ, ನನ್ನ ಜನ್ಮಕ್ಕಿಷ್ಟು!

ಅಷ್ಟರಲ್ಲಿ ನರ್ಸು, ತಂಗಿಯ ಗಂಡ ತಂದಿದ್ದ ಚೀಲ ಹುಡುಕಿ ಖಾಲಿ ಹಾಳೆಗಳನ್ನು ತೆಗೆದಳು. ಡಾಕ್ಟರು ಅದನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. "ಎವರು ಇಚ್ಚಾರಮ್ಮಾ ಈ ಟ್ಯಾಬ್ಲೆಟ್?" ಎಂದರು. ಯಾರು ಕೊಟ್ಟರು. ತಂಗಿ ಮುಖದ ಮೇಲಿನ ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿದಳು.

"ನೇನೇ ಕೊನುಕ್ಕುನ್ನಾನು ಸಾರ್" ಎಂದಳು. ನಾನೇ ಕೊಂಡುಕೊಂಡೆ ಎಂದಳು. "ಮೆಡಿಕಲ್ ಶಾಪ್‌ನಾಗ ಕೊಟ್ರು."

"ಇಂಥ ಮೈಗೆ ಈ ಗುಳಿಗೆ ಬೇಡವಾಗಿತ್ತು" ಎಂದು ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು, ಟೀಚರ್ ಎಂದು ತಿಳಿದಿತ್ತಲ್ಲ. "ಇದು ಶಕ್ತಿಕೇಂದ್ರವನ್ನೇ ಅದುಮುತ್ತದೆ. ಗಟ್ಟಿ ಇರುವವರಿಗೆ ತೊಂದರೆ ಇಲ್ಲ. ಕ್ಯಾನ್ಸರಿನಲ್ಲಿ ಆ ಗುಣವೇ ಉಪಯೋಗಕ್ಕೆ ಬಂದೀತೇ ಅಂತ ನೋಡುತ್ತಿದ್ದಾರೆ. ಆದರೆ ಇವರಲ್ಲಿ ಅದು ಮೊದಲೇ ನೆಲಕಚ್ಚಿದೆ, ಇನ್ನೇನನ್ನು ಅದುಮೀತು? ಗುಳಿಗೆ ಒಂದರಿಂದಲೇ ಆಯಿತು ಅಂತ ಹೇಳಲಾಗದು, ಜ್ವರ ಬಂದಿದೆ, ಊಟ ಬಿಟ್ಟಿದ್ದಾರೆ. ಎಲ್ಲಾ ಕೂಡಿ ಹೀಗಾಗಿದೆ." ನಾನು ಹೂಂ ಎಂದೆ. ಇಪ್ಪತ್ತೆಂಟು ವರ್ಷ ಬಾಯಿ ನೋಯುವಂತೆ ಪಾಠ ಹೇಳಿದವಳ ಉತ್ತರ ಅಷ್ಟೇ.

ಹನ್ನೊಂದು ದಿನಕ್ಕೆ ಆಕೆ ಎದ್ದು ಕೂತಳು. ಗುಳಿಗೆ ಬಿಡಿಸಿ ಇನ್ಸುಲಿನ್ ಶುರು ಮಾಡಿದರು. ಅವ್ವನ ಕಿವಿಗೆ ಮಷೀನ್ ಹಾಕಿಸಿದರು. ಅವ್ವನದು, ತಂಗಿಯದು, ಒಂದೇ ತಾಯಿಯ ಮಗಳು ಎಂದು ನನ್ನದೂ, ಮೂವರ ರಕ್ತ ಮತ್ತು ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ನಾನು ಮನೆಯಲ್ಲಿ ಏನು ಬೇಡಿಕೊಳ್ಳುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಿಲ್ಲ. ನನಗೂ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವ್ವನದು, ಅಜ್ಜಿಯದು, ತಂಗಿಯದು ಎಂಬುದರಲ್ಲಿ ನನ್ನದೂ ಒಂದು ಪಾಲು ಇರಲಿ ಎಂದು.

ಎರಡು ತಿಂಗಳಾದ ಮೇಲೆ ಮೂವರೂ ಡಾಕ್ಟರ ಕೋಣೆಯಲ್ಲಿ ಕೂತೆವು. ಅವರು ಕಾಗದ ಬಿಡಿಸಿದರು. ಅವ್ವನಲ್ಲಿ ಆ ದೋಷ ಇತ್ತು, ತಂಗಿಯಲ್ಲಿ ಬಹಳ ಇತ್ತು. "ಟೀಚರಮ್ಮಾ, ನೀವು ಅದೃಷ್ಟವಂತರು. ನಿಮ್ಮಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ನಿಮ್ಮ ಸಕ್ಕರೆಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ತಾಯಿಯ ಅಂಡದಲ್ಲಿ ಕೆಟ್ಟವೂ ಒಳ್ಳೆಯವೂ ಬೆರೆತಿರುತ್ತವೆ, ಯಾವ ಮಗುವಿಗೆ ಎಷ್ಟು ಹೋಗುತ್ತವೆ ಅಂತ ಯಾರ ಕೈಲೂ ಇಲ್ಲ" ಎಂದರು.

ಅವ್ವ ಅದನ್ನೂ ಆಕೆಗೇ ಹೆಚ್ಚು ಕೊಟ್ಟಿದ್ದಳು. ಮೊದಲು ನನಗೆ ಹೊಳೆದದ್ದು ಅದೇ. ಬದುಕಿದೆ ಎಂಬ ಸಮಾಧಾನ ಆಮೇಲೆ ಬಂತು, ನಾಚಿಕೆ ಅದರ ಬೆನ್ನಿಗೆ ಬಂತು. ಪಕ್ಕದಲ್ಲಿ ತಂಗಿ ತಲೆ ಹಿಂದಕ್ಕೆ ಮಾಡಿ ನನ್ನನ್ನು ನೋಡಿ, "ನಿನಗ ಇಲ್ಲಲ್ಲ ಅಕ್ಕ, ಚಲೋ ಆತು ಬಿಡು" ಎಂದು ನನ್ನ ಕೈ ಹಿಡಿದಳು. ಆ ಕೈಯಲ್ಲಿ ಹಿಡಿತವೇ ಇರಲಿಲ್ಲ.

ಡಾಕ್ಟರು ಆಕೆಯ ಕಡೆ ತಿರುಗಿ ದನಿ ಏರಿಸಿದರು. "ನೋಡಮ್ಮ, ಇನ್ನೊಮ್ಮೆ ನಿನ್ನ ಮನಸ್ಸಿಗೆ ಬಂದ ಹಾಗೆ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗಿದರೆ ನಾನು ನೋಡುವುದಿಲ್ಲ. ಓದಿಲ್ಲ ಬರೆದಿಲ್ಲ, ನಿಮ್ಮಂಥವರಿಗೆ ಎಷ್ಟು ಹೇಳಿದರೂ ಅಷ್ಟೇ." ತಂಗಿ ತಲೆ ತಗ್ಗಿಸಿ, "ಆತ್ರಿ ಸರ್, ತಪ್ಪಾತು" ಎಂದಳು. ಎಷ್ಟು ಸಲೀಸಾಗಿ ಎಂದಳು! ನನ್ನ ತಪ್ಪನ್ನು ತನ್ನ ಉಡಿಗೆ ತುಂಬಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಕೂತಿದ್ದಳು.

"ಆಕಿ ಕೊಂಡಿಲ್ಲ. ನಾನೇ ಕೊಟ್ಟೆ. ಇಲ್ಲಿಗೆ ಬರಬ್ಯಾಡ ಅಂದಾಕಿನೂ ನಾನೇ" ಎಂದೆ.

ಇದನ್ನು ಓದಿದವರು ನನ್ನನ್ನು ಮೆಚ್ಚಿಕೊಳ್ಳುವುದು ಬೇಡ. ಸತ್ಯಕ್ಕೆ ಹೆದರಿ ಹೇಳಿದ್ದಲ್ಲ. ಆ ಒಳ್ಳೆಯತನವನ್ನೂ ಆಕೆಗೇ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಅವ್ವನ ಮುಂದೆ ಅಷ್ಟು ಎತ್ತರಕ್ಕೆ ಆಕೆ ಒಬ್ಬಳೇ ಹೋಗಿ ಕೂರುವುದನ್ನು ನೋಡಲಾಗಲಿಲ್ಲ. ಕೆಟ್ಟವಳಾಗಿಯಾದರೂ ಸರಿ, ನನ್ನದು ನನಗೆ ಬೇಕಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಮಾತಾಡಿದಳು. ಕಿವಿಗೆ ಮಷೀನ್ ಬಂದದ್ದನ್ನು ನಾವಿಬ್ಬರೂ ಮರೆತಿದ್ದೆವು, ಆಕೆಗೆ ಎಲ್ಲಾ ಕೇಳಿಸಿತ್ತು.

"ಕೊಡು ಅಂದಾಕಿ ನಾನು ಸಾಹೇಬ್ರ" ಎಂದಳು. "ಈಕಿ ಎದಿ ಕೊಯ್ಸಿಕೊಂಡು ಮಲಗಿದಾಗ ಬಿಟ್ಟು ಹೋದಾಕಿನೂ ನಾನು. ಈಕಿಗೆ ಬೈಬ್ಯಾಡ್ರಿ."

ನನಗೆ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು, ರಕ್ತ ಕೊಡುವವರ ಸಾಲಿನ ಪಕ್ಕ ಕಂಬ ಹಿಡಿದು ನಿಂತು, ಮಂದಿ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತೆ. ಬೆನ್ನ ಮೇಲೆ ಒಂದು ಕೈ ಬಂತು. ಅವ್ವ. ತಂಗಿಯನ್ನು ಕುರ್ಚಿಯಲ್ಲಿ ಬಿಟ್ಟು ಅವ್ವ ನನ್ನ ಹಿಂದೆ ಎದ್ದು ಬಂದಿದ್ದಳು. ಹುಟ್ಟಿದಾಗಿನಿಂದ ನಾನು ಕಾದದ್ದು ಈ ಕೈಗೆ. ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಂಡು ನಿಲ್ಲಬಹುದಿತ್ತು.

"ಒಳಗ ಹೋಗವ್ವ" ಎಂದೆ. "ಆಕಿ ಒಬ್ಬಾಕಿನೇ ಅದಾಳ, ಎದ್ದು ಬರಾಕ ಆಗಂಗಿಲ್ಲ."